ಹುಲಿಗೆವ್ವನ ಮಾತು

ವಸುಮತಿಯವರು ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ಮಲದ ಗುಂಡಿಗೆ ಇಳಿಯುವವರು, ಕ್ವಾರಿಯ ಧೂಳು ಕುಡಿದು ಕೆಮ್ಮುವವರು, ಹೀಗೆ ಯಾರ ಮನೆಗೆ ಯಾರೂ ಹೋಗುವುದಿಲ್ಲವೋ ಅವರ ಮನೆಗೆ ಕ್ಯಾಮೆರಾ ಹೊತ್ತು ಹೋಗಿ ಹೋಗಿ ವಸುಮತಿಯವರ ತಲೆ ನರೆತಿತ್ತು. ಯಾವ ಕಂಪನಿಗೂ ಕೈ ಚಾಚಿದವರಲ್ಲ. ಒಂದು ಚಿತ್ರಕ್ಕೆ ಪೇಟೆಯಲ್ಲಿ ಯಾರೂ ಜಾಗ ಕೊಡದಿದ್ದಾಗ ಹಳ್ಳಿಹಳ್ಳಿಗೆ ಹೋಗಿ ಶಾಲೆಯ ಗೋಡೆಯ ಮೇಲೆ ತೋರಿಸಿದ್ದರು.

ಅವರ ಬಳಿ ಕೆಲಸ ಕಲಿಯಲು ಯೂಸುಫ್ ಬಂದು ಸೇರಿದ.

ಆ ವರ್ಷ ಇಬ್ಬರೂ ತುಂಗಭದ್ರೆಯ ದಂಡೆಯ ಒಂದು ಹಳ್ಳಿಗೆ ಹೋದರು. ಮರಳು ತೆಗೆಯುವ ಯಂತ್ರಗಳು ಅಲ್ಲಿ ಹೊಳೆಯೊಳಗೆ ಆಳವಾದ ಗುಂಡಿಗಳನ್ನು ತೋಡಿದ್ದವು. ಅಂಥ ಒಂದು ಗುಂಡಿಯಲ್ಲಿ ಕೂಲಿಯವಳಾದ ಹುಲಿಗೆವ್ವನ ಗಂಡ ಮುಳುಗಿ ಸತ್ತಿದ್ದ. ಕುಡಿದು ಬಿದ್ದ ಎಂದು ಮರಳಿನ ಗುತ್ತಿಗೆದಾರ ಹೇಳಿದ. ಊರು ಸುಮ್ಮನಾಯಿತು.

ಹುಲಿಗೆವ್ವನೂ ಬಾಯಿ ಬಿಡಲಿಲ್ಲ. ವಸುಮತಿ ದಿನಾ ಹೋಗಿ ಅವಳ ಜೊತೆ ಕೂತು ಸೊಪ್ಪು ಬಿಡಿಸುತ್ತಿದ್ದರು.

“ಶೂಟಿಂಗ್ ಯಾವಾಗ, ಅಮ್ಮಾ?” ಎಂದು ಯೂಸುಫ್ ಕೇಳಿದ.

“ಅವಳು ಹೂಂ ಅಂದಾಗ.”

“ಅನ್ನದಿದ್ದರೆ?”

“ಬಾ, ನೀನೂ ಕೂತ್ಕೋ. ಸೊಪ್ಪು ಬಹಳ ಇದೆ.”

ಒಂದು ಬೆಳಗ್ಗೆ ಹುಲಿಗೆವ್ವನೇ ಹೇಳಿದಳು: “ಹೊಳಿಗೆ ಹೋಗೂನ್ರಿ. ಅಲ್ಲೇ ಹೇಳ್ತೀನಿ.”

ಗಂಡ ಮುಳುಗಿದ ಜಾಗದ ಎದುರು, ದಂಡೆಯ ಮೇಲೆ ಕೂತಳು. ಯೂಸುಫ್ ಕ್ಯಾಮೆರಾ ಚಾಲೂ ಮಾಡಿದ.

“ನನ್ನ ಗಂಡ ಒಂದು ಹನಿ ಕುಡಿದಾಂವ ಅಲ್ರಿ. ಅವತ್ತು ನಾನು ಬುತ್ತಿ ತಗೊಂಡು ಬಂದ್ನಿ. ದೂರದಿಂದ ನನ್ನ ನೋಡಿ ಕೈ ಮಾಡಿದ...”

ಜೀಪೊಂದು ಬಂದು ನಿಂತಿತು. ಇಳಿದವರು ಗುತ್ತಿಗೆದಾರನ ಕಡೆಯವರು. ಒಬ್ಬ ಯೂಸುಫನನ್ನು ನೂಕಿ ಕೆಡವಿದ. ಇನ್ನೊಬ್ಬ ಕ್ಯಾಮೆರಾ ಕಿತ್ತುಕೊಂಡು ಹೊಳೆಗೆ ಎಸೆದ.

ವಸುಮತಿ ಎದ್ದು ಹುಲಿಗೆವ್ವನಿಗೆ ಅಡ್ಡವಾಗಿ ನಿಂತರು. ಬಂದವರು ಬಾಯಿಗೆ ಬಂದಂತೆ ಬೈದು ಹೊರಡುವ ತನಕ ಅಲ್ಲಿಂದ ಕದಲಲಿಲ್ಲ.

ಜೀಪು ಮರೆಯಾಯಿತು. ಯೂಸುಫ್ ಅಳುತ್ತಿದ್ದ.

“ಎಲ್ಲ ಹೋಯ್ತು, ಅಮ್ಮಾ. ನಡೀರಿ, ಠಾಣೆಗೆ ಹೋಗಿ ದೂರು ಕೊಡೋಣ.”

“ಕೊಡೋಣ,” ಎಂದರು ವಸುಮತಿ.

ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

“ಇನ್ನ ನೀವು ಹೋಗ್ತೀರೇನ್ರಿ?” ಎಂದು ಕೇಳಿದಳು.

ವಸುಮತಿ ಅವಳ ಪಕ್ಕ ಮರಳಿನ ಮೇಲೆ ಕೂತರು.

“ನಿನಗೆ ಹೆದರಿಕೆ ಆದರೆ ಮನೆಗೆ ಹೋಗೋಣ, ತಂಗಿ. ಇಲ್ಲ ಅಂದರೆ ಹೇಳು. ದೂರದಿಂದ ಕೈ ಮಾಡಿದ. ಆಮೇಲೆ?”

ಹುಲಿಗೆವ್ವ ಹೊಳೆಯ ಕಡೆ ನೋಡಿದಳು. ಸೆರಗು ಇಳಿಸಿ ಹೇಳತೊಡಗಿದಳು.

ಯೂಸುಫನಿಗೆ ತಡೆಯಲಾಗಲಿಲ್ಲ. ಗುರುವಿನ ಕಿವಿಯ ಬಳಿ ಬಗ್ಗಿದ.

“ಅಮ್ಮಾ, ಕ್ಯಾಮೆರಾನೇ ಇಲ್ಲ. ಈಗ ಕೇಳಿ ಏನು ಮಾಡ್ತೀರಿ?”

ವಸುಮತಿ ಹುಲಿಗೆವ್ವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಅವಳು ಹೇಳ್ತಿದ್ದದ್ದು ನನಗಲ್ವೇನೋ?”