ಬಾಹ್ಯಾಕಾಶದ ಇಲಿಗೆ ಸನ್ಮಾನ

ಆರು ತಿಂಗಳು ಬಾಹ್ಯಾಕಾಶದಲ್ಲಿದ್ದು ಮರಳಿದ ಇಲಿರಾಯನಿಗೆ ಊರೂರಲ್ಲೂ ಸನ್ಮಾನ. ಹೋದಲ್ಲೆಲ್ಲ ಹಾರ, ಹಣ್ಣಿನ ಬುಟ್ಟಿ, ಹೆಗಲಿಗೊಂದು ಶಾಲು. ಅಲ್ಲಿನ ವಿಕಿರಣವನ್ನು ಅಳೆದ ಪುಟ್ಟ ಬಿಲ್ಲೆ ಅವನ ಎದೆಯ ಮೇಲೆ ಇನ್ನೂ ನೇತಾಡುತ್ತಿತ್ತು.

"ರಾಯರೇ, ತಮ್ಮ ಮೈಯನ್ನು ಎಷ್ಟು ವಿಕಿರಣ ಹೊಕ್ಕಿದೆಯೆಂದು ನಾನು ಬಲ್ಲೆ. ಆಗಾಗ ಕಣ್ಣು ತೋರಿಸಿಕೊಳ್ಳಿ," ಎಂದಿತು ಬಿಲ್ಲೆ.

"ಇಳಿದ ದಿನವೇ ವೈದ್ಯರು ನೋಡಿದ್ದಾರೆ. ನನ್ನ ಒಂದು ಕೂದಲೂ ಕೊಂಕಿಲ್ಲ," ಎಂದ ಇಲಿರಾಯ.

"ಅದರ ಪೆಟ್ಟು ಇಳಿದ ದಿನ ತಿಳಿಯುವುದಿಲ್ಲ. ವರ್ಷಗಳಾದ ಮೇಲೆ ತಿಳಿಯುತ್ತದೆ."

"ಹಾಗಾದರೆ ಆಗ ನೋಡೋಣ. ಮುಂದಿನ ಸನ್ಮಾನ ಯಾವ ಊರಲ್ಲಿ?"

ಎರಡು ವರ್ಷ ಕಳೆಯಿತು. ಇಲಿರಾಯನ ಎರಡೂ ಕಣ್ಣಿಗೆ ಪೊರೆ ಬಂತು. ಸಭೆ ಮಬ್ಬಾಗಿ ಕಂಡಾಗಲೆಲ್ಲ ಅವನು, "ಇಲ್ಲಿ ದೀಪದ ವ್ಯವಸ್ಥೆಯೇ ಸರಿಯಿಲ್ಲ," ಎಂದು ಸಂಘಟಕರನ್ನು ಗದರುತ್ತಿದ್ದ.

ಒಂದು ದಿನ ಸನ್ಮಾನದ ನಡುವೆ ಬೆಕ್ಕು ಬಂತು. ಸಭೆಯಲ್ಲಿದ್ದ ಇಲಿಗಳೆಲ್ಲ ಬಿಲ ಸೇರಿದವು. ವೇದಿಕೆಯ ಮೇಲಿದ್ದ ಇಲಿರಾಯನ ಹೆಗಲನ್ನು ಬೆಚ್ಚಗೆ ಏನೋ ಬಳಸಿತು. ಅವನು ತಲೆಬಾಗಿ ಕೈಮುಗಿದ.

"ಆಹಾ! ಇಷ್ಟು ಮೆತ್ತನೆಯ ಶಾಲನ್ನು ಈವರೆಗೆ ಯಾವ ಊರಿನವರೂ ಹೊದಿಸಿರಲಿಲ್ಲ!"

"ರಾಯರೇ," ಎಂದಿತು ಬಿಲ್ಲೆ, "ಈ ಶಾಲಿಗೆ ಉಗುರಿದೆ."