ಮಳೆ ಬಂದ ವರ್ಷದ ಚುಕ್ಕೆ

ಆಶ್ರಮದ ಮೆಟ್ಟಿಲಿಗೆ ತಾಗಿಕೊಂಡೇ ಹೊಳೆ. ಹೊಳೆ ಒಂದು ತಿರುವು ತಿರುಗಿದರೆ ಕಡಲು. ಉಬ್ಬರದ ಹೊತ್ತಿಗೆ ಕಡಲಿನ ಉಪ್ಪುನೀರು ಹೇಳದೆ ಕೇಳದೆ ಹೊಳೆಯೊಳಗೆ ನುಗ್ಗಿಬರುತ್ತಿತ್ತು.

ಅಲ್ಲಿನ ಗುರು ಸದಾನಂದರು ಕಡಿಮೆ ಮಾತಿನವರು. ಶಿಷ್ಯ ಬೊಮ್ಮು ಅವರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವನು.

ಆ ಆಶ್ರಮಕ್ಕೆ ಪೂಜೆಯಷ್ಟೇ ಹಳೆಯದಾದ ಇನ್ನೊಂದು ಕೆಲಸವಿತ್ತು. ಶಿವರಾತ್ರಿ ಕಳೆದು ಬರುವ ಅಮಾವಾಸ್ಯೆಯ ದಿನ, ಉಬ್ಬರ ತುಂಬಿದಾಗ, ಹೊಳೆಯ ನಡುವಿನಿಂದ ಒಂದು ಚೊಂಬು ನೀರು ತರಬೇಕು. ಅದರಲ್ಲಿ ಗಾಜಿನ ಕೊಳವೆಯನ್ನು ತೇಲಿಬಿಡಬೇಕು. ನೀರಲ್ಲಿ ಉಪ್ಪು ಹೆಚ್ಚಿದ್ದರೆ ಕೊಳವೆ ಮೇಲೆದ್ದು ನಿಲ್ಲುತ್ತದೆ, ಕಡಿಮೆಯಿದ್ದರೆ ಮುಳುಗಿ ನಿಲ್ಲುತ್ತದೆ. ಅದರ ಒಂದು ಗೆರೆಗೆ ಒಂದು ಬೆರಳಿನಂತೆ ಎತ್ತರ ಹಿಡಿದು, ಸುಣ್ಣದ ಗೋಡೆಯ ಮೇಲೆ ಕಾವಿಯ ಚುಕ್ಕೆ ಇಡಬೇಕು. ವರ್ಷಕ್ಕೆ ಒಂದೇ ಚುಕ್ಕೆ.

ಕೊಳವೆ ಕೊಟ್ಟದ್ದು ಸರ್ಕಾರದ ಅಂಕಿಅಂಶ ಇಲಾಖೆ. ಕರಾವಳಿಯ ಹೊಳೆಗಳಿಗೆಲ್ಲ ಒಂದೇ ಅಚ್ಚಿನ ಕೊಳವೆ, ಎಲ್ಲ ಕಡೆಯೂ ಅದೇ ದಿನದ ಅಳತೆ.

ಆ ವರ್ಷ ಬೊಮ್ಮುವಿನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹವಾಮಾನ ಬದಲಾಗಿ ಕಡಲು ಏರುತ್ತಿದೆ, ಉಪ್ಪು ಒಳನುಗ್ಗುವ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿಸುತ್ತೇವೆ ಎಂದು ಸರ್ಕಾರ ಹೇಳಿತ್ತು. ಎಲ್ಲ ಹೊಳೆಗೂ ಆಗುವುದಿಲ್ಲ. ಯಾವುದಕ್ಕೆ ಎಂಬುದನ್ನು ಚುಕ್ಕೆಗಳನ್ನು ನೋಡಿಯೇ ತೀರ್ಮಾನಿಸುವುದು.

ಹೊಳೆಯ ಮೇಲ್ಗಡೆ ದೋಣಿಬೈಲು ಎಂಬ ಊರು. ಬೊಮ್ಮುವಿನ ಅಕ್ಕ ಹೊನ್ನಿಯನ್ನು ಕೊಟ್ಟದ್ದು ಅಲ್ಲಿಗೇ. ಅಲ್ಲಿನ ಬಾವಿಗಳಲ್ಲಿ ಒಂದೊಂದಾಗಿ ಉಪ್ಪು ಹತ್ತುತ್ತಿತ್ತು. ಅಣೆಕಟ್ಟು ಬರದಿದ್ದರೆ ಮುಂದಿನ ಬೇಸಿಗೆಗೆ ಊರೇ ಎದ್ದು ಹೋಗಬೇಕು.

"ಗುರುಗಳೇ, ನಮ್ಮ ಗೋಡೆ ನೋಡಿದರೆ ಯಾರೂ ಅಣೆಕಟ್ಟು ಕೊಡೋದಿಲ್ಲ ಅನ್ನೋ ಹಾಗಿಲ್ಲ," ಎಂದ ಬೊಮ್ಮು. "ಮೆಟ್ಟಿಲು ಕಟ್ಟಿದ ಹಾಗೆ ಮೇಲೆ ಮೇಲೆ ಹೋಗಿದೆ."

"ಈ ವರ್ಷದ್ದು ಇನ್ನೂ ಬಾಕಿ ಉಂಟಲ್ಲ," ಎಂದರು ಗುರು.

ಅಮಾವಾಸ್ಯೆಯ ದಿನ ಗುರುಗಳ ಕಾಲು ಬಾತು ದೋಣಿ ಹತ್ತಲಾಗಲಿಲ್ಲ. ಬೊಮ್ಮು ಒಬ್ಬನೇ ಹೋದ. ಹಾಡಿಕೊಂಡೇ ಹುಟ್ಟು ಹಾಕಿದ, ನೀರು ತುಂಬಿಕೊಂಡು ಬಂದ, ಜಗುಲಿಯ ಮೇಲೆ ಚೊಂಬು ಇಟ್ಟು ಕೊಳವೆ ಬಿಟ್ಟ.

ಕೊಳವೆ ಮುಳುಗಿತು.

ಪೂರ್ತಿ ಅಲ್ಲ. ಆದರೆ ಹೋದ ವರ್ಷ ನಿಂತಲ್ಲಿಗಿಂತ ಎಷ್ಟೋ ಕೆಳಗೆ ನಿಂತಿತು. ಬೊಮ್ಮು ಅದನ್ನು ಎತ್ತಿ ಒರೆಸಿ ಮತ್ತೆ ಬಿಟ್ಟ. ಮತ್ತೆ ಅಲ್ಲೇ.

ಹಾಳು ಮಳೆ, ಎಂದುಕೊಂಡ. ಹಿಂದಿನ ವಾರ ಹೊತ್ತಲ್ಲದ ಹೊತ್ತಿನಲ್ಲಿ ಜಡಿದು ಹೋದ ಮಳೆ ಅದು. ಉಪ್ಪನ್ನೆಲ್ಲ ಕಡಲಿಗೆ ತಳ್ಳಿಬಿಟ್ಟಿತ್ತು. ನಾಲ್ಕು ದಿನ ಬಿಸಿಲು ಕಾದರೆ ಮತ್ತೆ ಬಂದೇ ಬರುತ್ತದೆ. ಅಕ್ಕನ ಬಾವಿಯ ಉಪ್ಪೇನು ಸುಳ್ಳೇ? ಆಗಿದ್ದು ಆಕಸ್ಮಿಕ, ಅದನ್ನು ಸರಿಮಾಡಿದರೆ ತಪ್ಪೇನು?

ಹೀಗೆ ತನಗೆ ತಾನೇ ವಕೀಲನಾಗಿ, ತಾನೇ ನ್ಯಾಯಾಧೀಶನಾಗಿ, ಬೊಮ್ಮು ಕುಂಚವನ್ನು ಕಾವಿಯಲ್ಲಿ ಅದ್ದಿದ. ಮಳೆ ಬಾರದಿದ್ದರೆ ಎಲ್ಲಿ ಬೀಳುತ್ತಿತ್ತೋ ಅಲ್ಲಿ ಚುಕ್ಕೆ ಇಟ್ಟ. ನೋಡಲು ಬಹಳ ಚೆಂದವಾಗಿತ್ತು.

ಗುರುಗಳು ಕೋಲೂರಿಕೊಂಡು ಹೊರಗೆ ಬಂದರು. ಗೋಡೆ ನೋಡಿದರು. ಚೊಂಬು ನೋಡಿದರು.

"ಏರಿದೆ ಗುರುಗಳೇ," ಎಂದ ಬೊಮ್ಮು.

ಗುರುಗಳು ಚೊಂಬು ಎತ್ತಿದರು. ಹೋದ ವರ್ಷ ಇದೇ ಜಗುಲಿಯ ಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅಂಗಳಕ್ಕೆ ಉಗಿದವರು ಅವರು. ಈಗ ತಲೆ ಎತ್ತಿ ಗಟಗಟನೆ ಕುಡಿದರು. ತಳದ ತನಕ ಕುಡಿದು, ಮೀಸೆ ಒರೆಸಿಕೊಂಡು, ಖಾಲಿ ಚೊಂಬನ್ನು ಶಿಷ್ಯನ ಕೈಗೆ ಕೊಟ್ಟರು.

"ಬಾಯಾರಿತ್ತು," ಎಂದು ಒಳಗೆ ಹೋದರು.

ಬೊಮ್ಮುವಿನ ಮುಖ ಬಿಸಿಯಾಯಿತು. ಆದರೂ ಚುಕ್ಕೆ ಇದ್ದಲ್ಲೇ ಇತ್ತು. ಗುರುಗಳೂ ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಅವನು ತಿರುಗಿ ವಾದ ಮಾಡುತ್ತಿದ್ದ. ಬೈಯದೆ ಬಿಟ್ಟದ್ದರಿಂದ ಅನ್ನ ಕೂಡ ಸೇರಲಿಲ್ಲ.

ಮುಂದಿನ ವಾರ ಇಲಾಖೆಯ ಅಧಿಕಾರಿ ವಾರಿಜಾ ಶಾನಭಾಗ ದೋಣಿಯಲ್ಲಿ ಬಂದರು. ನರೆತ ತಲೆ, ಹೆಗಲಲ್ಲಿ ಚೀಲ. ಬೇರೆ ಹೊಳೆಗಳನ್ನೆಲ್ಲ ನೋಡಿ ಮುಗಿಸಿ ಇಲ್ಲಿಗೆ ಬಂದಿದ್ದರು. ಬೊಮ್ಮು ಓಡಿಹೋಗಿ ಕೈಹಿಡಿದು ಇಳಿಸಿಕೊಂಡ. ದೋಣಿಬೈಲಿನ ಬಾವಿಗಳ ಕಥೆಯನ್ನು ಮೆಟ್ಟಿಲು ಹತ್ತುವಷ್ಟರಲ್ಲೇ ಹೇಳಿ ಮುಗಿಸಿದ.

ವಾರಿಜಾ ಗೋಡೆಯ ಮುಂದೆ ನಿಂತರು. ಅವರು ಹಳೆಯ ಚುಕ್ಕೆಗಳ ಮೇಲೆ ಕಣ್ಣಾಡಿಸುತ್ತಾ ಬಂದು, ಕೊನೆಯ ಚುಕ್ಕೆಯ ಹತ್ತಿರ ತಡೆದು ನಿಂತರು.

"ಇದನ್ನು ಇಟ್ಟವರು ಯಾರು?"

"ನಾನು," ಎಂದ ಬೊಮ್ಮು.

ವಾರಿಜಾ ತೆರೆಯಲು ಹೊರಟ ಚೀಲವನ್ನು ಮತ್ತೆ ಹೆಗಲಿಗೆ ಏರಿಸಿದರು. "ನೋಡಿದ್ದಾಯಿತು ಗುರುಗಳೇ. ನಾನು ಹೊರಡ್ತೇನೆ."

ಬೊಮ್ಮು ಅವರ ಚೀಲವನ್ನೇ ನೋಡಿದ. ಇಷ್ಟು ಎತ್ತರದ ಚುಕ್ಕೆ ನೋಡಿಯೂ ಚೀಲ ಬಿಚ್ಚಲಿಲ್ಲವಲ್ಲ.

"ಒಂದು ಗಳಿಗೆ ಅಮ್ಮ," ಎಂದರು ಗುರು. "ಈ ವರ್ಷದ ಕೆಲಸ ಇನ್ನೂ ಮುಗಿದಿಲ್ಲ."

ಅವರು ಕಾವಿಯ ಬಟ್ಟಲನ್ನು ಬೊಮ್ಮುವಿನ ಮುಂದೆ ಹಿಡಿದರು.

ಬೊಮ್ಮು ದನಿ ತಗ್ಗಿಸಿ, "ಗುರುಗಳೇ, ನಿಜದ್ದು ಇಟ್ಟರೆ ಹೊನ್ನಿಯಕ್ಕ ಊರು ಬಿಡಬೇಕಾಗ್ತದೆ," ಎಂದ.

"ಗೊತ್ತು ಮಾರಾಯ," ಎಂದರು ಗುರು. ಅವರ ಕಣ್ಣಲ್ಲಿ ನೀರಿತ್ತು. ಆದರೆ ಬಟ್ಟಲು ಹಿಡಿದ ಕೈ ಕೆಳಗಿಳಿಯಲಿಲ್ಲ.

ಬೊಮ್ಮು ಕುಂಚ ತೆಗೆದುಕೊಂಡ. ಅಕ್ಕನ ಮನೆಯ ಹಂಚು ಒಂದೊಂದಾಗಿ ಇಳಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಮೇಲಿನ ಚುಕ್ಕೆಯಿಂದ ಬೆರಳು ಎಣಿಸಿಕೊಂಡು ಕೆಳಗೆ ಬಂದು, ಕೊಳವೆ ನಿಜವಾಗಿ ನಿಂತಿದ್ದ ಎತ್ತರದಲ್ಲಿ ಚುಕ್ಕೆ ಇಟ್ಟ. ಆಮೇಲೆ ಸುಣ್ಣದಲ್ಲಿ ಅದ್ದಿದ ಬಟ್ಟೆ ಎತ್ತಿಕೊಂಡು ಮೇಲಿನದನ್ನು ಅಳಿಸಹೋದ.

ಗುರು ಅವನ ಮುಂಗೈ ಹಿಡಿದರು. "ಅದೂ ನಿನ್ನದೇ ಅಲ್ವಾ? ಇರಲಿ. ಅದರ ಮೇಲೊಂದು ಅಡ್ಡಗೆರೆ ಎಳೆ, ಸಾಕು."

ವಾರಿಜಾ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. "ಮೊದಲು ಯಾಕೆ ಮೇಲೆ ಇಟ್ಟೆ?"

"ಮಳೆ ಬಂದಿತ್ತು ಅಮ್ಮ. ಮಳೆ ಬಾರದಿದ್ದರೆ ಅಲ್ಲೇ ಇರ್ತಿತ್ತು."

"ಇರ್ತಿತ್ತೇನೋ," ಎಂದರು ವಾರಿಜಾ. "ಹಾಗೆಲ್ಲ ಅಂದಾಜು ಹಾಕಲಿಕ್ಕೆ ರಾಜಧಾನಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿದ್ದಾರೆ. ಆ ದಿನ ಎಷ್ಟಿತ್ತು ಅಂತ ಹೇಳಲಿಕ್ಕೆ ಈ ಹೊಳೆಗೆ ಇರೋದು ನೀವಿಬ್ಬರೇ."

ಬೊಮ್ಮು ಮೇಲಿನ ಚುಕ್ಕೆಗೆ ಅಡ್ಡಗೆರೆ ಎಳೆದ.

"ಆ ಮಳೆ ನಿಮಗೊಬ್ಬರಿಗೇ ಬಿದ್ದದ್ದಲ್ಲ. ನಾನು ನೋಡಿ ಬಂದ ಹೊಳೆಗಳೆಲ್ಲ ಈ ಸಲ ಇಳಿದಿವೆ. ಎಲ್ಲ ಇಳಿದಾಗ ನಿಮ್ಮದೊಂದೇ ಏರಿದೆ ಅಂದರೆ ಈ ಒಂದು ಚುಕ್ಕೆ ಮಾತ್ರ ಅಲ್ಲ, ಇಡೀ ಗೋಡೆಯನ್ನೇ ನಂಬುವ ಹಾಗಿಲ್ಲ. ಅದಕ್ಕೇ ಚೀಲ ಎತ್ತಿಕೊಂಡೆ."

ಮಾತಾಡುತ್ತಲೇ ಅವರು ಗೋಡೆಯ ಆಚೆ ತುದಿಗೆ ನಡೆದರು. ಅಲ್ಲಿ, ಬಣ್ಣ ಮಾಸಿದ ಹಳೆಯ ಸಾಲಿನ ನಡುವೆ ಒಂದು ಚುಕ್ಕೆ ಉಳಿದವಕ್ಕಿಂತ ತಗ್ಗಿನಲ್ಲಿತ್ತು.

"ಇದು ಯಾವುದು?"

"ನಮ್ಮ ಗುರುಗಳು ಇಟ್ಟದ್ದು," ಎಂದರು ಸದಾನಂದರು. "ನಾನು ಆಗ ಬೊಮ್ಮುವಿನ ಹಾಗೇ ಇದ್ದೆ. ಆ ವರ್ಷವೂ ಶಿವರಾತ್ರಿಗೆ ಮುಂಚೆ ಹೀಗೇ ಮಳೆ ಜಡಿದಿತ್ತು."

ವಾರಿಜಾ ಚಟ್ಟನೆ ಚೀಲ ಬಿಚ್ಚಿದರು. ದಾರದ ಉಂಡೆ ತೆಗೆದು ಒಂದು ತುದಿಯನ್ನು ಬೊಮ್ಮುವಿನ ಕೈಗೆ ಕೊಟ್ಟರು. "ನಿನ್ನ ಹೊಸ ಚುಕ್ಕೆಯ ಮೇಲೆ ಹಿಡಿ. ಅಲುಗಬೇಡ."

ಇನ್ನೊಂದು ತುದಿ ಹಿಡಿದುಕೊಂಡು ಅವರು ಹಳೆಯ ಚುಕ್ಕೆಯ ತನಕ ಹೋದರು. ದಾರವನ್ನು ನೆಟ್ಟಗೆ, ಸಮನಾಗಿ ಬಿಗಿದರು. ಹಳೆಯ ಚುಕ್ಕೆ ದಾರದಿಂದ ಒಂದು ಗೇಣು ಕೆಳಗೆ ಉಳಿಯಿತು.

"ಅದೂ ಮಳೆ ತೊಳೆದ ನೀರು, ಇದೂ ಮಳೆ ತೊಳೆದ ನೀರು," ಎಂದರು ವಾರಿಜಾ. ಅವರ ದನಿ ಏರಿತ್ತು. "ತೊಳೆದ ಮೇಲೂ ಇಷ್ಟು ಹೆಚ್ಚು ಉಪ್ಪು. ಆಗಿನ ಒಣ ವರ್ಷದ ಚುಕ್ಕೆಗಳು ಎಲ್ಲಿವೆ ನೋಡು, ಅವೂ ದಾರದ ಕೆಳಗೇ ಇವೆ."

ಬೊಮ್ಮು ನೋಡಿದ. ಅಲುಗಬೇಡ ಎಂದಿದ್ದರಲ್ಲ, ದಾರವನ್ನು ಎರಡೂ ಕೈಯಿಂದ ಗೋಡೆಗೆ ಒತ್ತಿ ಹಿಡಿದ.

"ಮಳೆ ಬಂದದ್ದರಿಂದ ಈ ವರ್ಷ ಉಪ್ಪಿಲ್ಲ, ಅಣೆಕಟ್ಟು ಬೇಡ ಅಂತ ಹೇಳುವವರು ಬಹಳ ಜನ ಇದ್ದಾರೆ," ಎಂದು ವಾರಿಜಾ ಬರೆದುಕೊಳ್ಳುತ್ತಲೇ ಹೇಳಿದರು. "ಅವರಿಗೆ ಏನು ತೋರಿಸಲಿ ಅಂತ ದಾರಿಯುದ್ದಕ್ಕೂ ಯೋಚಿಸ್ತಾ ಬಂದೆ. ಬೇರೆ ಕಡೆಯ ಚುಕ್ಕೆಗಳು ಇಷ್ಟು ಹಿಂದಕ್ಕೆ ಹೋಗುವುದಿಲ್ಲ. ಮಳೆ ವರ್ಷವನ್ನು ಮಳೆ ವರ್ಷದ ಪಕ್ಕ ಇಟ್ಟು ನೋಡುವ ಹಾಗೆ ಇರುವ ಗೋಡೆ ಇದೊಂದೇ. ತೀರ್ಮಾನ ನನ್ನ ಕೈಯಲ್ಲಿಲ್ಲ. ಆದರೆ ಸಭೆಯಲ್ಲಿ ನಾನು ಮೊದಲು ಹೇಳುವ ಹೆಸರು ನಿಮ್ಮ ಹೊಳೆಯದು."

ಇಳಿತ ಶುರುವಾಗುವ ಮುಂಚೆ ಅವರ ದೋಣಿ ಹೊರಟಿತು. ಬೊಮ್ಮು ಸೊಂಟದ ಮಟ್ಟದ ನೀರಿನ ತನಕ ಹೋಗಿ ದೋಣಿ ತಳ್ಳಿದ. ಅಕ್ಕನಿಗೆ ಈಗಲೇ ಹೋಗಿ ಹೇಳಬೇಕು ಅನ್ನಿಸಿತು. ಕುಣಿಯಬೇಕು ಅನ್ನಿಸಿತು. ಗುರುಗಳ ಕಾಲು ಹಿಡಿದುಕೊಳ್ಳಬೇಕು ಅಂತಲೂ ಅನ್ನಿಸಿತು. ಒದ್ದೆ ಬಟ್ಟೆಯಲ್ಲೇ ಓಡಿಬಂದು ಗುರುಗಳ ಮುಂದೆ ನಿಂತ.

"ಆ ಹಳೇ ಚುಕ್ಕೆ ಅವರ ಕಣ್ಣಿಗೆ ಬೀಳ್ತದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಗುರುಗಳೇ?"

"ಇಲ್ಲ."

ಬೊಮ್ಮು ಒದ್ದೆ ಬಟ್ಟೆಯ ತುದಿ ಹಿಂಡಿದ.

"ಹಾಗಾದರೆ ಉಪ್ಪು ಇಳಿದಿದೆ ಅಂತ ಹೇಳಿ ಅವರು ಹೊರಟುಹೋಗಿದ್ದರೆ?"

ಗುರುಗಳು ಬಾತ ಕಾಲನ್ನು ಮೆಲ್ಲನೆ ಮೆಟ್ಟಿಲ ನೀರಿಗೆ ಇಳಿಬಿಟ್ಟರು.

"ಹೋಗ್ತಿದ್ದರು. ಉಪ್ಪು ಏರಿದ ದಿನ ನಾವು ಕರೆದರೆ, ನಂಬಿ ಬರ್ತಿದ್ದರು."