ಪಂಚನ ಉಸಿರು

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಆಚೆ ದಂಡೆಯಲ್ಲೂ ಒಂದು. ನಡುವೆ ನೀರು.

ವರ್ಷಕ್ಕೊಮ್ಮೆ ಎರಡೂ ಕಡೆಯ ಶಿಷ್ಯರು ಸೇರಿ ಕಬಡ್ಡಿ ಆಡುತ್ತಿದ್ದರು. ಒಂದು ವರ್ಷ ಈಚೆ, ಒಂದು ವರ್ಷ ಆಚೆ.

ತೀರ್ಪು ಹೇಳುವವನಿಗೆ ಪಂಚ ಅನ್ನುತ್ತಿದ್ದರು. ಯಾರ ಅಂಗಳದಲ್ಲಿ ಆಟವೋ ಆ ಅಂಗಳದ ಗುರುವೇ ಪಂಚ. ಹಿಂದಿನಿಂದ ಬಂದ ಪದ್ಧತಿ ಅದು. ಮನೆಗೆ ಬಂದವರಿಗೆ ಯಾವ ಗುರುವೂ ಮೋಸ ಮಾಡಲಾರ ಅನ್ನುವ ನಂಬಿಕೆ.

ಪಂಚ ಕಾಯಬೇಕಾದ್ದು ಮುಖ್ಯವಾಗಿ ಉಸಿರನ್ನು. ಗೆರೆ ದಾಟಿದವನು ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಒಂದೇ ಉಸಿರಿನಲ್ಲಿ ಹೋಗಬೇಕು, ಎದುರಿನವರನ್ನು ಮುಟ್ಟಬೇಕು, ಅದೇ ಉಸಿರಿನಲ್ಲಿ ತಿರುಗಿ ಬರಬೇಕು. ನಡುವೆ ಉಸಿರು ಹರಿದರೆ ಪಂಚ ಕೋಲು ಎತ್ತುತ್ತಾನೆ. ಹೋದವನು ಆಟದಿಂದ ಹೊರಗೆ.

ಈ ಸಲ ಆಟ ಈಚೆ ದಂಡೆಯಲ್ಲಿತ್ತು. ಈಚೆಯವರು ಸೋತರು.

ಸಂಜೆ ಊಟದ ಪಂಕ್ತಿಯಲ್ಲಿ ಹಾಲಸಿದ್ಧ ಕಾಣಲಿಲ್ಲ. ಅವನು ಒಳಗೆ ಕೂತು ಬಟ್ಟೆಯ ಗಂಟು ಕಟ್ಟುತ್ತಿದ್ದ.

ಗುರುಗಳು ಬಂದು ಬಾಗಿಲಲ್ಲಿ ನಿಂತರು. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

“ಯಾಕೋ ತಮ್ಮಾ, ಎತ್ಲಾಗ ಹೊಂಟಿ?”

“ಆಚೆ ದಂಡಿಗೆ. ನಾಳೆ ಅವರ ಹರಗೋಲಿನ್ಯಾಗ ಹೋಗ್ತೀನ್ರಿ. ಇನ್ನ ಮ್ಯಾಲೆ ಅಲ್ಲೇ ಕಲೀತೀನಿ.”

“ಇಲ್ಲಿ ಏನು ಕಡಿಮಿ ಆತು?”

ಹಾಲಸಿದ್ಧ ಗಂಟು ಬಿಗಿದ. ಮುಖ ಎತ್ತಲಿಲ್ಲ.

“ನ್ಯಾಯ ಕಡಿಮಿ ಆತ್ರಿ.”

“ಹೌದೇನು?” ಅಂದರು ಅಜ್ಜಾರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ದನದ ಸುದ್ದಿ ಸಿಕ್ಕವರ ಹಾಗೆ ಒಳಗೆ ಬಂದು ಅವನ ಎದುರಿಗೆ ಕೂತರು. “ಹೇಳು, ಹೇಳು.”

“ನಮ್ಮ ಕೊಟ್ರಬಸವ ಗೆರಿಗೆ ಒಂದು ಗೇಣು ದೂರ ಇದ್ದ. ಉಸಿರು ನೂಲಿನಷ್ಟು ಹರೀತು. ನೀವು ಕೋಲು ಎತ್ತಿದ್ರಿ.”

“ಹರಿದಿತ್ತಲ್ಲ?”

“ಹರಿದಿತ್ರಿ. ಇಲ್ಲ ಅನ್ನೂದಿಲ್ಲ. ಆದರ ಅವರ ದುರಗೇಶಿ? ಕೆರಿಯಿಂದ ಎದ್ದ ಎಮ್ಮಿ ಹಂಗ ಉಸಿರು ಬಿಟ್ಟ. ಅಡಿಗಿ ಮನಿಗೂ ಕೇಳಿಸ್ತು. ನಿಮ್ಮ ಕೋಲು ನೆಲಾ ಬಿಟ್ಟು ಏಳಲಿಲ್ಲ.”

“ನನಗ ಕೇಳಿಸಲಿಲ್ಲ.”

“ಅದನ್ನೇ ನಾ ಹೇಳೂದು. ನಿಮಗ ನಮ್ಮ ತಪ್ಪು ಅಷ್ಟೇ ಕೇಳಿಸ್ತಾವು. ಒಂದೇ ತಪ್ಪು, ಅವರು ಮಾಡಿದ್ರ ಆಟ, ನಾವು ಮಾಡಿದ್ರ ಹೊರಗ. ಇಂಥಾ ಕೈಯಾಗ ನಾ ಏನು ಕಲೀಲಿ?”

ಅಜ್ಜಾರು ಗಡ್ಡ ನೀವಿಕೊಂಡರು. 

“ಮಾಡಿರಬಹುದು,” ಅಂದರು.

“ಏನ್ರಿ?”

“ಪಕ್ಷಪಾತ. ಮಾಡಿದರೂ ಮಾಡಿರಬಹುದು. ನನಗ ಗೊತ್ತಿಲ್ಲ. ಗೊತ್ತು ಮಾಡ್ಕೋಬೇಕು ಅನಿಸಾಕ ಹತ್ತೈತಿ. ನಿನಗ ಅನಸೂದಿಲ್ಲೇನು?”

ಹಾಲಸಿದ್ಧ ಜಗಳಕ್ಕೆ ತಯಾರಾಗಿ ಕೂತಿದ್ದ. ಈಗ ಮೊದಲ ಸಲ ಮುಖ ಎತ್ತಿದ.

“ಬಂದವರು ನಾಳೆ ಊಟ ಮುಗಿಸಿ ಹೊಳಿ ದಾಟ್ತಾರ,” ಅಂದರು ಅಜ್ಜಾರು. “ಬೆಳಿಗ್ಗೆ ಇನ್ನೊಂದು ಆಟ ಆಡಸೋಣು. ಕೋಲು ನೀ ಹಿಡಿ.”

“ನಾನಾ?”

“ಸರಿಯಾದ ಕಿವಿ ಹೆಂಗಿರ್ತೈತಿ, ನಾನೂ ನೋಡಬೇಕು. ಆಮ್ಯಾಲೆ ನೀ ಹೊಂಟ್ರ ತಡಿಯೂದಿಲ್ಲ.”

ಬೆಳಿಗ್ಗೆ ಸುದ್ದಿ ಕೇಳಿ ಆಚೆಯವರಿಗೆ ಖುಷಿಯೋ ಖುಷಿ.

“ನಿನ್ನೆ ಸೋತದ್ದು ಹೊಟ್ಟಿ ತುಂಬಲಿಲ್ಲೇನ್ರಪ್ಪೋ?” ಅಂದ ದುರಗೇಶಿ. ಆಚೆಯವರ ಮುಂದಾಳು ಅವನೇ. “ಹಾಲಸಿದ್ಧ ಪಂಚನಂತ! ಮೀನಿಗೆ ಕೊಕ್ಕರಿ ಪಂಚ ಆತು ಬಿಡ್ರೋ.”

ಹಾಲಸಿದ್ಧ ನಗಲಿಲ್ಲ. ಕೋಲು ಹಿಡಿದು ಗೆರೆಯ ತುದಿಯಲ್ಲಿ ನಿಂತ. ಮನಸ್ಸಿನಲ್ಲೇ ಆಣೆ ಮಾಡಿಕೊಂಡ. ಇವರಿಗೂ ಒಂದೇ ಕೋಲು, ಅವರಿಗೂ ಒಂದೇ ಕೋಲು. ಕೊಟ್ರ ನನ್ನ ಜೀವದ ಗೆಳೆಯನಾದರೂ ಸರಿ.

ಅವನ ಎದುರಿಗೆ, ಅಂಗಳದ ಆ ಬದಿಗೆ ಒಂದು ಕಲ್ಲು. ಅಜ್ಜಾರು ಅದರ ಮೇಲೆ ಕೂತರು. ಆಟದ ಕಡೆ ನೋಡಲಿಲ್ಲ. ಇವನನ್ನೇ ನೋಡುತ್ತಾ ಕೂತರು.

ದುರಗೇಶಿ ಬಂದ. ಕಬಡ್ಡಿ ಕಬಡ್ಡಿ ಅನ್ನುತ್ತಾ ಕುಣಿದ. ಒಂದು ಕಡೆ ದನಿ ಜಾರಿತು. ಹಾಲಸಿದ್ಧನ ಕೋಲು ಮೇಲೆದ್ದಿತು.

“ಹೊರಗ!”

ದುರಗೇಶಿ ಕೈ ಮುಗಿದು ಹೊರಗೆ ಹೋದ. “ಹರಿದಿತ್ತು. ಖರೇನ.”

ಕೊಟ್ರಬಸವ ಹೋದ. ಅವರು ಕಾಲು ಹಿಡಿದರು. ಕೆಡವಿದರು. ಅವನು ಹಾವಿನ ಹಾಗೆ ಹೊರಳಿ, ಮೈಯೆಲ್ಲ ಮಣ್ಣಾಗಿ, ಬೆರಳ ತುದಿಯಿಂದ ಗೆರೆ ಮುಟ್ಟಿದ.

ಕೋಲು ಏಳಲಿಲ್ಲ. ಆಚೆಯವರು ಹೋ ಅಂದರು.

“ಏ ಪಂಚಾ! ಕಿವಿ ಹೊಳ್ಯಾಗ ಬಿಟ್ಟು ಬಂದೀಯೇನು?”

“ಹರಿದಿಲ್ಲ!” ಅಂದ ಹಾಲಸಿದ್ಧ.

“ಹರಿದಿಲ್ಲಂತ! ನಡುವ ಜಳಕ ಮಾಡಿ ಬಂದನಲ್ಲೋ ಅಂವ!”

“ಹರಿದಿಲ್ಲ ಅಂದ್ರ ಹರಿದಿಲ್ಲ!”

ಕೊಟ್ರಬಸವ ಮಣ್ಣು ಕೊಡವಿಕೊಳ್ಳುತ್ತಾ ಹತ್ತಿರ ಬಂದ. ಮೆಲ್ಲಗೆ ಅಂದ.

“ಲೇ ಸಿದ್ಧಾ. ಹರಿದಿತ್ತಲ್ಲೋ.”

“ಇಲ್ಲ.”

“ನನ್ನ ಉಸಿರು ನನಗ ಗೊತ್ತಿಲ್ಲೇನು? ಕೆಳಗ ಬಿದ್ದಾಗ ಒಮ್ಮಿ ಎಳಕೊಂಡೆ. ಗಟ್ಯಾಗೇ ಎಳಕೊಂಡೆ.”

ಹಾಲಸಿದ್ಧ ಸುಳ್ಳು ಹೇಳಿರಲಿಲ್ಲ. ಗೆರೆಯಿಂದ ಗೆರೆಯವರೆಗೆ ಒಂದೇ ಸಮನೆ ಕಬಡ್ಡಿ ಕಬಡ್ಡಿ ಅಂದದ್ದು ಅವನ ಕಿವಿಗೆ ಕೇಳಿಸಿತ್ತು. ಕೊಟ್ರ ಅನ್ನಲಿಲ್ಲ ಅಂದರೆ ಅಂದವರು ಯಾರು?

ಕೋಲು ಹಿಡಿದುಕೊಂಡೇ ಅಜ್ಜಾರ ಹತ್ತಿರ ಹೋದ.

“ದೇವರಾಣಿ ಅಜ್ಜಾರ. ನನಗ ಕೇಳಿಸಿದ ಉಸಿರು ಪೂರಾ ಇತ್ರಿ.”

“ಹೌದು. ಪೂರಾ ಇತ್ತು.”

“ಹಂಗಾದ್ರ ಕೊಟ್ರ ಸುಳ್ಳು ಹೇಳ್ತಾನೇನ್ರಿ?”

“ಇಲ್ಲ. ಅವನ ಉಸಿರು ಮುಗೀತು. ಅಲ್ಲಿಂದ ನಿನ್ನದು ಶುರು ಆತು.”

“ನಂದಾ?”

“ನಿನ್ನ ತುಟಿ ಅಲ್ಲಾಡತಿದ್ವು. ಅವ ಗೆರಿ ದಾಟಿದಾಗಿಂದ ನೀನೂ ಒಳಗೊಳಗ ಕಬಡ್ಡಿ ಅಂತಿದ್ದಿ. ಅವ ನಿಂತಲ್ಲಿ ನೀ ಮುಂದುವರಿಸಿದಿ. ನಿನಗ ಕೇಳಿಸಿದ್ದು ನಿನ್ನ ದನಿ.”

ಹಾಲಸಿದ್ಧ ತುಟಿ ಮುಟ್ಟಿ ನೋಡಿಕೊಂಡ.

“ದುರಗೇಶಿ ಬಂದಾಗ?”

“ಬಾಯಿಗೆ ಕೀಲಿ ಹಾಕಿದಂಗ ಇತ್ತು.”

ಅವನು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಕೋಲನ್ನು ಅಜ್ಜಾರ ಪಾದದ ಹತ್ತಿರ ಇಟ್ಟ.

“ತಪ್ಪಾತ್ರಿ. ನಿನ್ನೆ ನೀವು ಮಾಡಿದ್ದೇ ಸರಿ.”

“ಹಂಗಂತ ಯಾರು ಹೇಳಿದ್ರು?” ಅಂದರು ಅಜ್ಜಾರು. “ನಿನ್ನ ತಪ್ಪು ಸಿಕ್ತು. ನನ್ನದು ಇನ್ನೂ ಸಿಕ್ಕಿಲ್ಲ. ಏಳು. ಈಗ ನಾ ಕೋಲು ಹಿಡೀತೀನಿ. ನೀ ಈ ಕಲ್ಲಿನ ಮ್ಯಾಲೆ ಕೂಡು. ಆಟ ನೋಡಬ್ಯಾಡ. ನನ್ನ ನೋಡು.”

“ನಿಮ್ಮನ್ನ ನೋಡಿ ತಪ್ಪು ಹುಡುಕಲೇನ್ರಿ?”

“ನಿನ್ನೆ ನನ್ನ ಎದುರಿಗೇ ಅಂದಿ. ಈಗೇನು ನಾಚಿಕಿ?”

ಹಾಲಸಿದ್ಧ ಕಲ್ಲಿನ ಮೇಲೆ ಕೂತ. ಮೊದಲು ತುಟಿ ನೋಡಿದ. ಅಲ್ಲಾಡಲಿಲ್ಲ. ಕಣ್ಣು ನೋಡಿದ. ಅರ್ಧ ಮುಚ್ಚಿದ್ದವು. ಕೈ ನೋಡಿದ. ಏನೂ ಇಲ್ಲ. ಗುರುವಿನ ಮುಖವನ್ನು ಇಷ್ಟು ಹೊತ್ತು ಅವನು ಯಾವತ್ತೂ ನೋಡಿರಲಿಲ್ಲ. ಬಹಳ ಬಡವಾಗಿದೆ ಅನ್ನಿಸಿತು. ಯಾವಾಗ ಬಡವಾಯಿತು?

ದುರಗೇಶಿ ಗೆರೆ ದಾಟಿದ. ಅಜ್ಜಾರ ಎದೆ ಏರಿತು, ಇಳಿಯಿತು. ಎದೆಯ ಮೇಲಿನ ರುದ್ರಾಕ್ಷಿಯೂ ಜೊತೆಗೆ ಏರಿ ಇಳಿಯಿತು. ವಯಸ್ಸಾದವರ ಉಸಿರು, ಮೂಗಿನಲ್ಲಿ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಕಲ್ಲಿನ ತನಕ ಕೇಳಿಸುತ್ತಿತ್ತು.

ಕೊಟ್ರಬಸವ ಗೆರೆ ದಾಟಿದ.

ಸಿಳ್ಳೆ ನಿಂತಿತು.

ಹಾಲಸಿದ್ಧ ಮುಂದಕ್ಕೆ ಬಾಗಿದ. ರುದ್ರಾಕ್ಷಿ ಕಲ್ಲಿನ ಹಾಗೆ ನಿಂತಿತ್ತು. ಕೊಟ್ರ ತಿರುಗಿ ಗೆರೆ ಮುಟ್ಟಿದ ಮೇಲೆಯೇ ಅದು ಮತ್ತೆ ಅಲ್ಲಾಡಿದ್ದು.

ಇನ್ನೊಬ್ಬ ಆಚೆಯವನು ಬಂದ. ಸಿಳ್ಳೆ. ಇನ್ನೊಬ್ಬ ಈಚೆಯವನು ಹೋದ. ಸಪ್ಪಳವೇ ಇಲ್ಲ. ಯಾರು ಗೆಲ್ಲುತ್ತಿದ್ದಾರೆ ಅನ್ನುವುದು ಅವನಿಗೆ ಮರೆತೇಹೋಯಿತು.

ನಡು ಆಟದಲ್ಲಿ ಓಡಿಬಂದು ಅಜ್ಜಾರ ಕೋಲು ಹಿಡಿದ.

“ಸಿಕ್ತು!”

“ಏನು ಸಿಕ್ತೋ?” ಅಜ್ಜಾರ ಮುಖ ಅರಳಿತು.

“ನಮ್ಮವರು ಹೋದ್ರ ನೀವು ಉಸಿರು ಹಿಡೀತೀರಿ! ಅಷ್ಟು ಸಪ್ಪಳ ಇಲ್ಲದಾಗ ನೂಲು ಹರಿದ್ರೂ ಕೇಳಿಸ್ತೈತಿ. ಅವರು ಬಂದ್ರ ಆರಾಮ ಉಸಿರಾಡತೀರಿ. ನಿಮ್ಮ ಮೂಗಿನ ಸಿಳ್ಳಿಯೊಳಗ ಅವರ ಉಸಿರು ಮುಳುಗಿ ಹೋಗ್ತೈತಿ!”

ಅಜ್ಜಾರು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಯಾಕ ಹಿಡೀತೀನಿ?”

“ಅದು ನನಗೆಂಗ ಗೊತ್ರಿ?”

“ಎಲ್ಲಿ ಹರೀತೈತೋ ಅಂತ ಅಂಜಿಕಿ ಇರಬೇಕು,” ಅಂದರು, ತಮಗೆ ತಾವೇ.

ಆಮೇಲೆ ದುರಗೇಶಿಯ ಕಡೆ ತಿರುಗಿದರು. “ನಿನ್ನೆ ನೀವು ಗೆದ್ದದ್ದು ನಿಮ್ಮ ಕಾಲಿನಿಂದ ಅಷ್ಟೇ ಅಲ್ಲಪಾ. ನನ್ನ ಮೂಗೂ ನಿಮ್ಮ ಕಡಿ ಆಡ್ತು.”

ದುರಗೇಶಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಿಡ್ರಿ ಅಜ್ಜಾರ. ನಮ್ಮ ಗುರುಗಳೂ ಹಂಗೇ. ನಮ್ಮ ಅಂಗಳದಾಗ ನಾವು ಗೆದ್ದದ್ದು ನಾ ಅಂತೂ ಕಂಡಿಲ್ಲ. ಇರುವಿ ಉಸಿರು ಬಿಟ್ರೂ ನಮ್ಮ ಮ್ಯಾಲೆ ಕೋಲು ಎತ್ತತಾರ. ಹೋದ ವರ್ಷ ಇವರು ಹೆಂಗ ಗೆದ್ರು ಅಂತ ತಿಳಿದೀರಿ?”

ಅವನು ಹಾಲಸಿದ್ಧನ ಹೆಗಲ ಮೇಲೆ ಕೈ ಹಾಕಿದ.

“ಆವತ್ತು ಇಂವ ನಮ್ಮ ಗುರುಗಳ ಕಾಲಿಗೆ ಬಿದ್ದು, ‘ನ್ಯಾಯ ಅಂದ್ರ ನಿಮ್ಮದು’ ಅಂದಿದ್ದ. ಬಾರೋ ಬಾ, ಬರ್ತೀನಿ ಅಂದೀಯಂತಲ್ಲ. ಮುಂದಿನ ವರ್ಷಕ್ಕ ನೀ ನಮ್ಮಂವ ಆಗ್ತಿ. ಆ ಕೋಲು ಹೆಂಗ ಏಳ್ತೈತಿ ನೋಡೀಯಂತ!”

ಎಲ್ಲರೂ ನಕ್ಕರು. ಹಾಲಸಿದ್ಧನ ಕಿವಿ ಕೆಂಪಾದವು. ಅವನು ಹಾಗೆ ಅಂದದ್ದು ನಿಜ.

ಊಟ ಮುಗಿಯಿತು. ಆಚೆಯವರು ಹೊಳೆಗೆ ಇಳಿದರು. ಅಜ್ಜಾರು ಅವರನ್ನು ಕಳಿಸಲು ದಂಡೆಯವರೆಗೆ ಬಂದರು. ಹಾಲಸಿದ್ಧ ಹಿಂದೆಯೇ ಬಂದ. ಕಂಕುಳಲ್ಲಿ ಗಂಟು ಇತ್ತು. ಹೋಗುವುದಕ್ಕೆ ತಂದದ್ದೋ, ಕಟ್ಟಿಯಾಗಿತ್ತು ಅಂತ ತಂದದ್ದೋ, ಅವನಿಗೇ ತಿಳಿಯದು.

“ಅಜ್ಜಾರ, ಒಂದು ತಿಳೀಲಿಲ್ರಿ. ಅವರ ಅಂಗಳದಾಗ ಅವರು ಯಾವಾಗಲೂ ಸೋತ್ರು. ಆದರ ನಮ್ಮ ಅಂಗಳದಾಗ ಹಿಂದ ಹಂಗ ಇರಲಿಲ್ಲ. ಒಮ್ಮಿ ನಾವು, ಒಮ್ಮಿ ಅವರು. ಆವಾಗ ನೀವು ಉಸಿರು ಹಿಡೀತಿರಲಿಲ್ಲೇನ್ರಿ?”

ಅಜ್ಜಾರು ನಿಂತರು. ನೀರು ನೋಡಿದರು.

“ಹಿಡೀತಿದ್ದೆ ಅನಿಸ್ತೈತಿ.”

“ಮತ್ತ?”

“ನೀ ಕೂತ ಕಲ್ಲಿನ ಮ್ಯಾಲೆ ನಮ್ಮ ನೀಲವ್ವ ಕೂಡತಿದ್ಲು.”

ನೀಲವ್ವ ಅಜ್ಜಾರ ಹೆಂಡತಿ. ಎಲ್ಲ ಶಿಷ್ಯರಿಗೂ ಉಣಬಡಿಸಿದ ಕೈ. ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

“ನಮ್ಮ ಹುಡುಗರು ಗೆರಿ ದಾಟಿದಾಗೆಲ್ಲ ಕೆಮ್ಮತಿದ್ಲು. ಆ ಕೆಮ್ಮಿಗೆ ನನ್ನ ಉಸಿರು ಬಿಟ್ಟು ಹೋಗತಿತ್ತು. ಅಂಗಳದ ಧೂಳಿಗೆ ಕೆಮ್ಮತಾಳ ಅಂದ್ಕೊಂಡಿದ್ದೆ. ಆಟ ಆದ ಮ್ಯಾಲೆ ಶುಂಠಿ ಕಷಾಯ ಮಾಡಿ ಕೊಡತಿದ್ದೆ.”

“ಕುಡೀತಿದ್ರೇನ್ರಿ?”

“ಕುಡೀತಿದ್ಲು. ಏನೂ ಅಂತಿರಲಿಲ್ಲ.”



ಹರಗೋಲು ದಂಡೆ ಬಿಡುತ್ತಿತ್ತು. ದುರಗೇಶಿ ಕೂಗಿದ. “ಏ ಪಂಚಾ! ಬರ್ತೀಯೋ ಇಲ್ಲೋ? ಹೊಳಿ ನಿನ್ನ ಸಲುವಾಗಿ ನಿಂದರೂದಿಲ್ಲ!”

ಹಾಲಸಿದ್ಧ ಒಂದು ಕಾಲು ನೀರಿನಲ್ಲಿ ಇಟ್ಟ. ಇನ್ನೊಂದು ಕಾಲು ಉಸುಕಿನಲ್ಲೇ ಇತ್ತು. ಅತ್ತ ನೋಡಿದ, ಇತ್ತ ನೋಡಿದ.

“ಅಜ್ಜಾರ, ಅಲ್ಲಿ ಹೋದ್ರೂ ಇದೇ ಕೋಲು. ಇಲ್ಲಿದ್ರೂ ಇದೇ ಕೋಲು. ನನಗ ತಿಳೀವಲ್ದು. ನೀವೇ ಹೇಳಿಬಿಡ್ರಿ. ನಾ ಹೋಗಲೋ, ಇರಲೋ?”

“ಈ ಮಾತಿಗೆ ಬ್ಯಾರೆ ಪಂಚನ್ನ ಹುಡುಕು ತಮ್ಮಾ,” ಅಂದರು ಅಜ್ಜಾರು. “ನೀ ನೀರಿಗೆ ಕಾಲಿಟ್ಟಾಗಿಂದ ನಾ ಉಸಿರು ಹಿಡಿದು ನಿಂತೀನಿ.”